ಖಾಲಿ ಅನ್ನುವ ಮುಂಚೆ

ಹೆಣದ ಪೆಟ್ಟಿಗೆಯನ್ನು ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ ಇಳಿಸುತ್ತಿರುವಾಗಲೇ ಜಗಳ ಹತ್ತಿಕೊಂಡಿತು.

"ಫಾರ್ಟಿಫೈವ್ ಪಿಸ್ತೂಲೇ ಕಣ್ರೀ. ಮೇಸ್ತ್ರಿಗೆ ಅದು ಬಿಟ್ಟು ಬೇರೆ ಯಾವುದೂ ಕಣ್ಣಿಗೆ ಹತ್ತುತ್ತಿರಲಿಲ್ಲ," ಎಂದ ತಲೆಯ ಕಡೆ ಹಿಡಿದಿದ್ದ ಗುತ್ತಿಗೆದಾರ, ಏದುಸಿರು ಬಿಡುತ್ತಾ. "ಉಕ್ಕಿನ ಮೈ, ಏಳೇ ಗುಂಡು. ಕೈಯಲ್ಲಿ ಹಿಡಿದರೆ ಹಿಡಿದ ಹಾಗಿರುತ್ತೆ."

"ನಿಮ್ಮ ತಲೆ. ನನ್ನ ಒಂಬತ್ತು ಎಂಎಂ ನೋಡಿ, 'ಡಾಕ್ಟ್ರೇ, ಪಿಸ್ತೂಲು ಅಂದ್ರೆ ಇದು' ಅಂದಿದ್ರು. ಪ್ಲಾಸ್ಟಿಕ್ಕು ಅಂತ ನೀವು ಆಡ್ಕೋತೀರಿ, ಹದಿನೈದು ಗುಂಡು ಹಿಡಿಯುತ್ತೆ." ಇದು ಕಾಲಿನ ಕಡೆಯಿದ್ದ ಹಲ್ಲಿನ ಡಾಕ್ಟರು.

"ಮೊದಲು ಗೋಡೆ ನೋಡ್ಕೊಳ್ಳಿ," ಎಂದರು ನಡುವೆ ಕೈ ಕೊಟ್ಟಿದ್ದ ನಿವೃತ್ತ ಮೇಷ್ಟ್ರು. "ಹಾಗೆ ನೋಡಿದ್ರೆ ನನ್ನ ಟೂ ಟೂನೇ. ಕೈ ಅದುರಿಸದ ಪಿಸ್ತೂಲು ಇದೊಂದೇ ಅಂತ ನನ್ನೆದುರಿಗೇ ಹೇಳಿದಾರೆ."

ಮಗಳು ಹಿಂದಿನಿಂದ ಇಳಿಯುತ್ತಿದ್ದಳು. ಮೂವರೂ ಶೂಟಿಂಗ್ ಕ್ಲಬ್ಬಿನವರು. ಅದೇ ಕ್ಲಬ್ಬಿನಲ್ಲಿ ಅವಳ ಅಪ್ಪ, ಅವರೆಲ್ಲರ ಮೇಸ್ತ್ರಿ, ಮೂವತ್ತು ವರ್ಷ ಊರವರ ಪಿಸ್ತೂಲುಗಳನ್ನೆಲ್ಲ ಬಿಚ್ಚಿ, ಉಜ್ಜಿ, ರಿಪೇರಿ ಮಾಡಿಕೊಂಡಿದ್ದ. ಕ್ಲಬ್ಬಿನಲ್ಲೊಂದು ಪದ್ಧತಿ: ತಮ್ಮವರು ಯಾರಾದರೂ ಸತ್ತರೆ, ಮಣ್ಣು ಮಾಡಿ ಬಂದ ಮೇಲೆ ಸತ್ತವರಿಗೆ ಇಷ್ಟವಾದ ಪಿಸ್ತೂಲಿನಿಂದ ಒಂದೇ ಒಂದು ಗುಂಡು ಹಾರಿಸುವುದು. ಅಪ್ಪನಿಗೆ ಸ್ವಂತ ಪಿಸ್ತೂಲು ಇರಲಿಲ್ಲ.

"ನೀನೇ ಹೇಳಮ್ಮ," ಎಂದ ಗುತ್ತಿಗೆದಾರ ಪೆಟ್ಟಿಗೆ ಕೆಳಗಿಟ್ಟು. "ಅಪ್ಪಂಗೆ ಯಾವುದು ಇಷ್ಟ?"

"ಗೊತ್ತಿಲ್ಲ."

ಮೂವರೂ ಅವಳ ಮುಖ ನೋಡಿದರು. ಬೈದಿದ್ದರೇ ವಾಸಿಯಾಗಿತ್ತು. ಅಪ್ಪನ ಬಗ್ಗೆ ತನಗೆ ಗೊತ್ತಿರುವುದು ಏನಾದರೂ ಒಂದು ಇದೆಯೇ ಎಂದು ಅವಳು ಹುಡುಕಿದಳು. ಅವನ ಚಪ್ಪಲಿಯ ಅಳತೆಯೂ ಗೊತ್ತಿರಲಿಲ್ಲ.

"ಮೂರು ಜನಕ್ಕೂ ಒಂದೇ ಮಾತು ಹೇಳಿದಾನೆ, ಬಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಕೆಳಮನೆಯ ಟೈಲರಮ್ಮ. "ನನ್ನ ಹೊಲಿಗೆ ಮಿಷನ್ನಿಗೂ ಹಾಗೇ ಅಂದಿದ್ದ, ಇದಕ್ಕಿಂತ ಒಳ್ಳೇದು ಇಲ್ಲಕ್ಕ ಅಂತ. ಹಾಗಂದ್ರೆ ತಾನೆ ಜನ ಇನ್ನೊಂದು ಗಳಿಗೆ ಕೂತು ಮಾತಾಡೋದು?"

ಆಮೇಲೆ ಬೀಗದ ಕೈ ಗೊಂಚಲನ್ನು ಮಗಳ ಕೈಗಿತ್ತಳು. "ಟಪಾಲು ಡಬ್ಬೀದೂ ಇದರಲ್ಲೇ ಇದೆ. ದಿನಾ ತೆಗೀತಿದ್ದ, ಭಾನುವಾರಾನೂ. ಭಾನುವಾರ ಯಾವ ಟಪಾಲಪ್ಪಾ ಅಂತ ನಾನು ನಗ್ತಿದ್ದೆ."

*

ಹತ್ತು ವರ್ಷದವಳಿದ್ದಾಗ ಅಪ್ಪ ಅವಳನ್ನು ಕ್ಲಬ್ಬಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿದ್ದ. ಎಣ್ಣೆ ವಾಸನೆ, ಅರ, ಹಳೆಯ ಬನಿಯನ್ನಿನ ಚಿಂದಿ. ಪಿಸ್ತೂಲಿನ ಹಿಡಿಯಿಂದ ಮ್ಯಾಗಜೀನ್ ಜಾರಿಸಿ ಮೇಜಿನ ಮೇಲಿಟ್ಟ.

"ಗುಂಡೆಲ್ಲ ಇದರಲ್ಲಿ ಬಂತು. ಈಗ ಪಿಸ್ತೂಲು ಖಾಲಿ ತಾನೆ?"

"ಹೂಂ."

ಅವನು ಮೇಲಿನ ಸ್ಲೈಡನ್ನು ಹಿಂದಕ್ಕೆಳೆದ. ಒಳಗಿಂದ ಹುಸಿಗುಂಡೊಂದು ಟಣ್ಣೆಂದು ಹಾರಿ ಬಿತ್ತು.

"ಹೊಟ್ಟೆ ಖಾಲಿ ಮಾಡಿದೆ, ಬಾಯಲ್ಲಿ ಒಂದು ಉಳಿದಿತ್ತು. ಒಂದು ಹಾರಿದ ತಕ್ಷಣ ಇದು ತಾನೇ ಇನ್ನೊಂದನ್ನ ಬಾಯಿಗೆ ಹಾಕ್ಕೊಳ್ಳುತ್ತೆ, ಪುಟ್ಟಿ. ಸ್ಲೈಡ್ ಮುಚ್ಚಿದ್ರೆ ಒಳಗೆ ಏನೋ ಇದೆ ಅಂತಲೇ ತಿಳ್ಕೋ." ಆಮೇಲೆ ತೆರೆದ ಕಿಂಡಿಯೊಳಗೆ ಕಿರುಬೆರಳು ತೂರಿಸಿದ. "ಕಣ್ಣು ಮೋಸ ಮಾಡುತ್ತೆ. ಬೆರಳು ಹಾಕಿ ನೋಡಿ ಖಾಲಿ ಅನ್ನು."

ಮನೆಯಲ್ಲೂ ಅದೇ. ಫ್ಲಾಸ್ಕು, ಟಿಫಿನ್ ಡಬ್ಬಿ, ಬೂಟು, ಏನೇ ಖಾಲಿಯಾದರೂ ಕಿರುಬೆರಳು ಒಳಗೆ. ಬೆರಳ ತುದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅಮ್ಮನಿಗೆ ಸಾಕಾಯಿತು. ಎರಡು ವರ್ಷದ ಮೇಲೆ ಮಗಳ ಕೈ ಹಿಡಿದು ಬೇರೆ ಊರಿಗೆ ಹೊರಟುಹೋದಳು.

ಅಪ್ಪ ಪ್ರತಿವಾರ ಫೋನ್ ಮಾಡುತ್ತಿದ್ದ. ಹೇಗಿದ್ದೀಯ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಯಾವುದೋ ಸ್ಪ್ರಿಂಗಿನ ವಿಷಯಕ್ಕೆ ಬರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಒಂದು ದಿನ, ಆಫೀಸಿನಲ್ಲಿ ಎದುರಿಗೆ ಜನ ಕಾದಿದ್ದಾಗ, ಅವಳು ಹೇಳಿದ್ದಳು: "ಅಪ್ಪಾ, ನಿಂಗೆ ಬೇರೆ ಮಾತೇ ಬರಲ್ವಾ? ಫೋನ್ ಬೇಡ. ನಾನೇ ಕಾಗದ ಬರೀತೀನಿ."

"ಆಗ್ಲಿ ಪುಟ್ಟಿ. ಬರಿ."

ಅವನು ಮತ್ತೆ ಫೋನ್ ಮಾಡಲಿಲ್ಲ. ಅವಳು ಬರೆಯಲಿಲ್ಲ. ಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಮುಖವಿರಲಿಲ್ಲ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಗಂಟಲು ದೊಡ್ಡದಿದ್ದವನು ಗೆದ್ದಿದ್ದ. ಫಾರ್ಟಿಫೈವೇ ಎಂದಾಯಿತು. ಗುತ್ತಿಗೆದಾರ ಮ್ಯಾಗಜೀನ್ ತುಂಬ ಗುಂಡು ತುಂಬಿದ.

"ಪದ್ಧತಿ ಪ್ರಕಾರ ಒಂದೇ ಹಾಕಬೇಕು," ಎಂದರು ಮೇಷ್ಟ್ರು.

"ಎಣಿಸಿ ಹಾಕೋಕೆ ಮೇಸ್ತ್ರಿ ಏನು ಗತಿಯಿಲ್ಲದವನಾ? ಹಾರಿಸೋದು ಒಂದೇ, ಬಿಡಿ."

ಹಾರಿಸಿದ. ಎದುರಿನ ಮಣ್ಣುದಿಬ್ಬದಿಂದ ಧೂಳೆದ್ದು ಕೂತಿತು. ಅವನ ಕಣ್ಣು ತುಂಬಿಬಂದಿತ್ತು. ಮ್ಯಾಗಜೀನ್ ತೆಗೆದು ಜೇಬಿಗಿಳಿಸಿ, ಪಿಸ್ತೂಲನ್ನು ಮಗಳ ಕಡೆ ಚಾಚಿದ. "ತಗೋಮ್ಮ, ಖಾಲಿ. ಒಂದ್ಸಲ ಹಿಡ್ಕೊಂಡು ನೋಡು. ಅಪ್ಪನ ಕೈ ಆಡಿದ ಮಾಲು."

ಪಿಸ್ತೂಲಿನ ಮೂತಿ ಡಾಕ್ಟರ ಹೊಟ್ಟೆಯ ಕಡೆಗಿತ್ತು. ಸ್ಲೈಡ್ ಮುಚ್ಚಿತ್ತು.

ಅವಳು ಗುತ್ತಿಗೆದಾರನ ಮಣಿಕಟ್ಟು ಹಿಡಿದು ಮೂತಿಯನ್ನು ಮೊದಲು ದಿಬ್ಬದ ಕಡೆ ತಿರುಗಿಸಿದಳು. ಆಮೇಲೆ ಪಿಸ್ತೂಲು ತೆಗೆದುಕೊಂಡು ಸ್ಲೈಡ್ ಎಳೆದಳು. ಹಿತ್ತಾಳೆಯ ದಪ್ಪ ಗುಂಡೊಂದು ಹಾರಿ ಸಿಮೆಂಟಿನ ಮೇಲೆ ಬಿತ್ತು, ಉರುಳಿ ಹೋಗಿ ಮೇಷ್ಟ್ರ ಬೂಟಿಗೆ ತಗುಲಿ ನಿಂತಿತು. ಅವಳು ಕಿಂಡಿಯೊಳಗೆ ಕಣ್ಣು ಹಾಯಿಸಿ ಕಿರುಬೆರಳು ತೂರಿಸಿದಳು. ಒಳಗೆ ಇನ್ನೂ ಬೆಚ್ಚಗಿತ್ತು.

"ಈಗ ಖಾಲಿ."

ಗುತ್ತಿಗೆದಾರ ಇದ್ದಲ್ಲೇ ಕುಕ್ಕರಿಸಿದ. "ಇಪ್ಪತ್ತು ವರ್ಷ ಆಯ್ತು... ಒಂದ್ಸಲಾನೂ..."

"ಒಂದು ಸಲ ಸಾಕಾಗ್ತಿತ್ತು ನನಗೆ," ಎಂದರು ಡಾಕ್ಟರು, ಹೊಟ್ಟೆ ಸವರಿಕೊಂಡು. "ನೀರು ಕುಡೀರಿ."

ಮೇಷ್ಟ್ರು ಗುಂಡನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿದರು. "ಮೇಸ್ತ್ರಿ ಮಗಳು," ಎಂದರು. ಅವಳಿಗಲ್ಲ, ಸುಮ್ಮನೆ.

ವಾಪಸ್ಸು ಬರುವಾಗ ಆ ಎರಡು ಮಾತನ್ನು ಅವಳು ದಾರಿಯುದ್ದಕ್ಕೂ ಬಾಯೊಳಗೇ ಹೇಳಿಕೊಂಡಳು.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಮನೆಗೆ ಬೀಗ ಹಾಕಿ ಕೆಳಗಿಳಿದು ಟಪಾಲು ಡಬ್ಬಿ ತೆಗೆದಳು. ಹಳೆಯ ತಗಡು, ಒಳಗೆಲ್ಲ ಕೆಂಪು ತುಕ್ಕು. ಕಾಗದವೇನೂ ಇರಲಿಲ್ಲ. ಮುಚ್ಚಬೇಕೆನ್ನುವಾಗ ಹಿಂದಿನ ಮೂಲೆ ಕಣ್ಣಿಗೆ ಬಿತ್ತು. ತೆಳ್ಳಗಿನ ಲಕೋಟೆಯೊಂದು ಸಿಕ್ಕಿಕೊಂಡರೆ ಕಾಣದೇ ಹೋಗುವ ಜಾಗ. ಅಲ್ಲಿ ಮಾತ್ರ, ಬೆರಳ ತುದಿಯಷ್ಟಗಲ, ತುಕ್ಕಿರಲಿಲ್ಲ. ತಗಡು ಸವೆದು ಹೊಳೆಯುತ್ತಿತ್ತು.

ಅವಳು ಕಿರುಬೆರಳು ಹಾಕಿದಳು. ಹೊರಗೆ ತೆಗೆದಾಗ ತುದಿಗೆ ಎಣ್ಣೆ ಹತ್ತಿತ್ತು.