ಆರು ಸಾಲು

"ಕೈಗೇನ್ ಲಕ್ವಾ ಹೊಡದದೇನ್ಲೇ ಬೋಸಡಿ? ನಟ್ಟ ನಡಕ ಆರು ಸಾಲು ಬೋಳು!"

ಧಣಿ ಗೋವಿಂದರಾಯರು ಬದುವಿನ ಮೇಲೆ ನಿಂತು ನನ್ನನ್ನು ಬೈಯುತ್ತಿದ್ದರು. ಆಚೆ ಈಚೆ ಬಿಳಿಜೋಳ ಚೋಟುದ್ದ ಎದ್ದಿತ್ತು. ನಡುವೆ ಬರೀ ಕರಿಮಣ್ಣು. ಬಾಜುವಿನ ತೊಗರಿಯಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರು ಕೈಯ ಕುಡುಗೋಲು ನಿಲ್ಲಿಸಿ ನೋಡಿದರು.

ದೇವಣಗಾಂವದ ಈ ಹೊಲದಲ್ಲಿ ನಾನು ನಲವತ್ತು ವರ್ಷ ಕೂರಿಗೆಯ ಹಿಂದೆ ನಡೆದಿದ್ದೇನೆ. ಗಂಡ ಸೋಮನಿಂಗ ಎತ್ತು ಹೊಡೆಯುತ್ತಾನೆ, ನಾನು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತೇನೆ. ಬಟ್ಟಲಿನ ಕೆಳಗಿನ ಮೂರು ಕೊಳವೆಗೂ ಸಮನಾಗಿ ಬೀಳುವಂತೆ ಮುಷ್ಟಿ ಸಡಿಲಿಸುವುದನ್ನು ಕಲಿಯಲು ನನಗೆ ನಾಲ್ಕು ಬಿತ್ತಿಗೆ ಬೇಕಾಯಿತು. ಬೀಜ ಬಿಟ್ಟರೆ ಶೆಟ್ಟೆವ್ವನೇ ಬಿಡಬೇಕು ಎಂದು ಊರವರು ಅನ್ನುತ್ತಿದ್ದರು. ನನಗಿದ್ದ ಆಸ್ತಿ ಅದೊಂದೇ.

ಆದರೆ ಬಿತ್ತುವ ದಿನ ಬೀಜದಿಂದ ಉಡಿ ತುಂಬುವುದು ಧಣಿಯ ಹೆಂಡತಿ ನಳಿನಿಬಾಯಿಗೆ. ಅರಿಶಿನ ಕುಂಕುಮ ಹಚ್ಚಿ ಐದು ಬೊಗಸೆ ಜೋಳ. ನಾವು ಹೊಲಗೇರಿಯವರು. ನಮ್ಮ ಉಡಿಗೆ ಬಿದ್ದರೆ ಬೀಜ ಮೈಲಿಗೆಯಂತೆ, ನಮ್ಮ ಮುಷ್ಟಿಯಿಂದ ಮಣ್ಣಿಗೆ ಬಿದ್ದರೆ ಮಾತ್ರ ಇಲ್ಲವಂತೆ! ಆಕೆಯ ಬಂಗಾರ ಕಂಡು ನಾನೆಂದೂ ಕರುಬಲಿಲ್ಲ. ಆ ಐದು ಬೊಗಸೆ ಕಂಡರೆ ಮಾತ್ರ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು.

ಈ ವರ್ಷ ಆಕೆಗೆ ಉಡಿಯೂ ಸಾಲಲಿಲ್ಲ.

"ಆಚೆ ಸರೀ ಶೆಟ್ಟೆವ್ವಾ, ನಾನೂ ಒಂದೀಟು ಬಿತ್ತತೀನಿ. ವಿಡಿಯೋ ಮಾಡೂದದ."

ಕೂರಿಗೆ ಹೋಗಿ ಬಂತು, ಆರು ಸಾಲು. ಮೊಬೈಲಿನತ್ತ ನಗುತ್ತಾ ಆಕೆ ಕಾಳನ್ನೆಲ್ಲ ಮೊದಲ ಮಾರಿನಲ್ಲೇ ಸುರಿದರು. ಮುಂದೆಲ್ಲ ಖಾಲಿ ಮುಷ್ಟಿ. ನನಗೆ ಕಂಡಿತು. ಸುಳ್ಳೇಕೆ ಹೇಳಲಿ, ಖುಷಿಯಿಂದ ಸುಮ್ಮನಿದ್ದೆ. ಬೋಳಾಗಲಿ, ಊರೇ ನೋಡಲಿ ಅಂದುಕೊಂಡೆ.

ಊರು ನೋಡಿತು. ಆದರೆ ನನ್ನ ಕೈಯನ್ನು ನೋಡಿತು. ವಿಡಿಯೋ ನೋಡಿದ ಕೃಷಿ ಇಲಾಖೆಯವರು ನಳಿನಿಬಾಯಿಗೆ ಮಾದರಿ ರೈತ ಮಹಿಳೆ ಎಂಬ ಬಹುಮಾನ ಕೊಟ್ಟರು. ಇವತ್ತು ಅವರೇ ಬೆಳೆಯ ಫೋಟೋ ತೆಗೆಯಲು ಬರುವವರಿದ್ದರು.

"ಹೋಗ್ಲಿ ಬಿಡ್ರಿ," ರಾಯರ ಪಕ್ಕ ನಿಂತಿದ್ದ ನಳಿನಿಬಾಯಿ ರೇಷ್ಮೆ ಸೆರಗು ಸರಿಮಾಡಿಕೊಂಡರು. "ಆಕೀಗೂ ವಯಸ್ಸಾತು."

"ಬಾಯಾರ, ಆ ಸಾಲು ಯಾರು ಬಿತ್ತಿದ್ರು ಅಂತ ಹೇಳ್ರಿ."

ಆಕೆ ದಾರಿಯತ್ತ ಮುಖ ತಿರುಗಿಸಿದರು. ಅಲ್ಲಿ ಜೀಪು ಬರುತ್ತಿತ್ತು.

"ಎದುರುಮಾತಾಡ್ತಿ ಏನ್ಲೇ?" ರಾಯರು ಬೀಜದ ಚೀಲವನ್ನು ನನ್ನ ಕಾಲ ಬಳಿ ಒಗೆದರು. "ಬೋಳಿದ್ದಲ್ಲಿ ಕಾಳು ಊರು. ಮುಂದಿನ ವರ್ಷದಿಂದ ನನ್ನ ಕೂರಿಗಿ ಮುಟ್ಟಬ್ಯಾಡ."

ಸೋಮನಿಂಗ ಓಡಿ ಬಂದ. "ಕಾಲು ಬೀಳು, ಏ. ಹೊಟ್ಟಿ ಪಾಡು ಐತಿ."

ನಾನು ಬಗ್ಗಿದೆ. ಕಾಲು ಬೀಳುತ್ತೇನೆಂದು ರಾಯರು ಒಂದು ಹೆಜ್ಜೆ ಮುಂದೆ ಬಂದರು. ಸೆರಗು ಬಿಚ್ಚಿ ಉಡಿ ಮಾಡಿದೆ. ಚೀಲದಿಂದ ಬೊಗಸೆ ತುಂಬಿ ಉಡಿಗೆ ಸುರಿದೆ.

"ಒಂದು," ಎಂದೆ. "ಎರಡು."

"ಏ! ಬೀಜ ಮೈಲಿಗಿ ಮಾಡ್ತಿ ಏನ, ರಂಡೆ!"

"ಮೂರು. ನಾಕು."

ಜೀಪಿನಿಂದ ಇಳಿದವರು ಕ್ಯಾಮೆರಾ ಹಿಡಿದು ಬದುವಿನಲ್ಲೇ ನಿಂತರು. ತೊಗರಿ ಸಾಲಿನ ಹೆಂಗಸರು ಎದ್ದು ನಿಂತಿದ್ದರು.

"ಐದು."

ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿದೆ. ಉಳಿದ ಚೀಲವನ್ನು ಎತ್ತಿ ನಳಿನಿಬಾಯಿಯ ರೇಷ್ಮೆ ಮಡಿಲಿಗೆ ಒತ್ತಿದೆ.

"ಆ ಆರು ಸಾಲು ನಿಮ್ಮವ್ರೀ ಬಾಯಾರ. ನೀವೇ ಊರ್ರಿ. ಫೋಟೋ ತಗಿಯಾಕ ಬಂದಾರ."

ಒಂದು ಕಾಳೂ ಊರದೆ ಆ ಬೋಳು ಸಾಲುಗಳನ್ನು ದಾಟಿ, ನಾನು ಬಿತ್ತಿದ ಜೋಳದ ನಡುವೆ ಮನೆಯತ್ತ ನಡೆದೆ. ಉಡಿ ಭಾರವಾಗಿತ್ತು.