ಮೊದಲು ತಪ್ಪು ಬರೆಯುವ ದಾಕ್ಷಾಯಿಣಿ

ಯಾವ ಜಾಲತಾಣ ತೆರೆದರೂ ದಾಕ್ಷಾಯಿಣಿ ಮೊದಲು ತಪ್ಪನ್ನೇ ಬರೆಯುತ್ತಾರೆ. ಹೆಸರು ಕೇಳಿದ ಕಡೆ ಫೋನ್ ನಂಬರು, ವಯಸ್ಸು ಕೇಳಿದ ಕಡೆ ‘ನಾಳೆ’, ತೂಕ ಕೇಳಿದ ಕಡೆ ಸೊನ್ನೆಗಿಂತ ಕಡಿಮೆಯ ಅಂಕಿ. ಪುಟ ಅದನ್ನು ಒಪ್ಪಿಕೊಂಡಿತೋ, ತುಟಿಯಂಚಿನಲ್ಲಿ ಕಿರುನಗೆ. ಚಳ್ಳಕೆರೆಯ ಎಣ್ಣೆಮಿಲ್ಲುಗಳ ಬೀದಿಯ ಮಹಡಿಯೊಂದರಲ್ಲಿ 2011ರ ಜೂನ್ 6ರಿಂದ ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ಜಾಲತಾಣಗಳನ್ನು ಕಟ್ಟುತ್ತ ಬಂದಿರುವ ಈಕೆ, ಶೇಂಗಾ ಹೊಲದ ಹೆಂಗಸರಂತೆ ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿ, ಬಸ್ ನಿಲ್ದಾಣದ ನೂಕುನುಗ್ಗಲನ್ನು ಸೀಳಿಕೊಂಡು ನಡೆಯುವ ವೈಖರಿಯಲ್ಲಿ ಸಂಕೋಚದ ಲವಲೇಶವೂ ಇಲ್ಲ. ತಪ್ಪನ್ನು ಪುಟದಲ್ಲಿ ತಡೆದರೆ ಸಾಲದು, ಬಂದದ್ದನ್ನೆಲ್ಲ ಸರ್ವರಿನಲ್ಲಿ ಮತ್ತೊಮ್ಮೆ ಸೋಸಬೇಕೆಂಬುದು ಅವರ ವ್ರತ. ಯಾರು ‘ಎಲ್ಲ ಸರಿಯಾಗಿದೆ’ ಎಂದರೂ ‘ಆಯ್ತು, ಆಮೇಲೆ?’ ಎನ್ನುವುದು ಅವರ ಮಾತಿನ ಚಾಳಿ.

2024ರ ಮಾರ್ಚ್ 10, ಭಾನುವಾರ. ಮೊಳಕಾಲ್ಮೂರಿನ ನೇಕಾರ ಸಣ್ಣತಿಮ್ಮಪ್ಪನವರ ರೇಷ್ಮೆ ಸೀರೆಗಳ ಮಾರಾಟತಾಣ ಅಂದು ಸಂಜೆ ತೆರೆಯಬೇಕಿತ್ತು. ಅದರ ಕನ್ನಡವನ್ನು ತಿದ್ದಿಕೊಡಲೆಂದು ನಾನೂ ಜೊತೆಗೆ ಹೋಗಿದ್ದೆ. ಬಲ್ಲವರಿಗೆಲ್ಲ ಸಾರಿಬಿಟ್ಟಿದ್ದ ನೇಕಾರರು ಮಗ್ಗದ ಬಳಿ ಚಡಪಡಿಸುತ್ತಿದ್ದರು. ದಾಕ್ಷಾಯಿಣಿ ಮಾತ್ರ ತೆರೆಯಲೊಲ್ಲರು. ತಾವೇ ಬರೆದ ಕೋಡಿನ ಮೇಲೂ ಅವರಿಗೆ ದಾಕ್ಷಿಣ್ಯವಿಲ್ಲ.

“ಏಮಮ್ಮಾ, ಇನ್ನೂ ಎಷ್ಟೊತ್ತು ಆಡಿಸ್ತೀಯ? ಬೆಳಿಗ್ಗೆ ನಾನೇ ಒತ್ತಿ ನೋಡ್ದೆ, ಸರಿಯಾಗೇ ಐತೆ. ಇವತ್ತು ತೆರೀದಿದ್ರೆ ಬಳ್ಳಾರಿಯೋನಿಗೆ ಕೊಡ್ತೀನಿ ಈ ಕೆಲ್ಸ!”

“ಕೊಡ್ರಿ. ಅದಕ್ಕೆ ಮುಂಚೆ ನೀವೂ ರೇಣುಕಮ್ಮನೂ ಒಂದೊಂದು ಫೋನು ಹಿಡ್ಕೊಂಡು, ನಾನು ‘ಹೂಂ’ ಅಂದಾಗ ಒಟ್ಟಿಗೇ ಈ ಹಸಿರು ಸೀರೆ ಕೊಳ್ರಿ.”

ಗಂಡಹೆಂಡಿರು ಒತ್ತಿದರು. ‘ಸೀರೆ ನಿಮ್ಮದಾಯಿತು’ ಎಂದವು ಎರಡೂ ಫೋನುಗಳು.

ನೇಕಾರರ ಮುಖ ಬಿಳಿಚಿತು. ಅವರ ಮಗ್ಗದಲ್ಲಿ ಹುಟ್ಟುವ ಸೀರೆಗೆ ಜೋಡಿಯೆಂಬುದಿಲ್ಲ. ಹೀಗೇ ತೆರೆದಿದ್ದರೆ ಅವರ ಮಾತು ಎರಡು ಮದುವೆಮನೆಗಳಿಗೆ ಹೋಗುತ್ತಿತ್ತು, ಸೀರೆ ಒಂದಕ್ಕೆ ಮಾತ್ರ.

“ಈಗ ಹೇಳ್ರಿ, ಯಾವ ಮದುಮಗಳಿಗೆ ಇಲ್ಲ ಅಂತೀರಿ?”

ಸೀರೆ ಉಳಿದಿದೆಯೇ ಎಂದು ನೋಡುವುದಕ್ಕೂ ಮಾರಿತೆಂದು ಗುರುತಿಸುವುದಕ್ಕೂ ನಡುವೆ ಕಣ್ಣೆವೆ ಮುಚ್ಚುವಷ್ಟು ಬಿಡುವಿತ್ತು. ಇನ್ನೊಬ್ಬರು ನುಸುಳಿದ್ದು ಅಲ್ಲಿಯೇ. ದಾಕ್ಷಾಯಿಣಿ ಎರಡನ್ನೂ ಒಂದೇ ವ್ಯವಹಾರವಾಗಿ ಬಿಗಿದು, ಒಬ್ಬರ ಕೊಳ್ಳುವಿಕೆ ಮುಗಿಯುವ ತನಕ ಆ ಸೀರೆಯ ದಾಖಲೆಗೆ ಬೀಗ ಬೀಳುವಂತೆ ಬರೆದರು. ದಂಪತಿಗಳು ಮತ್ತೆ ಒತ್ತಿದರು.

“ಲೇ ರೇಣುಕಾ, ನಾನೇ ನೇಯ್ದ ಸೀರೆ, ನಂಗೇ ‘ಮಾರಾಟವಾಗಿದೆ’ ಅಂತೈತಲ್ಲೇ!”

“ನೀವು ನೇಯೋರು, ನಾನು ಉಡೋಳು. ಅದಕ್ಕೂ ಗೊತ್ತಾತು ನೋಡ್ರಿ!”

ನೇಕಾರರು ನಗುತ್ತಲೇ ಕೈಮುಗಿದರು. ತಾಣ ಆ ಸಂಜೆಯೇ ತೆರೆಯಿತು.

ಲೋಕ ಹೊಗಳುವುದು ನಂಬುವವರನ್ನು. ದಾಕ್ಷಾಯಿಣಿಯಂಥ ಶಂಕಾಶೀಲರು ತಾವು ಕಟ್ಟಿದ್ದನ್ನು ಪರರ ಕೈಗಿಡುವ ಮುನ್ನ ತಾವೇ ಕೆಡವಲು ನೋಡುತ್ತಾರೆ. ಎಲ್ಲೋ ದೂರದೂರಿನ ಮದುಮಗಳೊಬ್ಬಳು ಗುಂಡಿಯೊತ್ತಿ, ಸೀರೆ ಬಂದೇ ಬರುತ್ತದೆಂದು ನಿಶ್ಚಿಂತಳಾಗಿರುವುದು ಇಂಥವರಿಂದಲೇ, ಆದರೆ ಅವರ ಹೆಸರನ್ನು ಅವಳೆಂದೂ ಕೇಳಿರುವುದಿಲ್ಲ.