ನೀಲಾ ಬರೆದ ವೈರಿನ ಪುಸ್ತಕ

ನಾನು ಒಂದು ಲಾಂಗ್ ಬುಕ್. ಇನ್ನೂರು ಪುಟ, ಕೆಂಪು ರಟ್ಟು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ನನ್ನ ಹಾಳೆಗಳಿಗೆ ಗೆರೆ ಎಳೆದು, ಬೆನ್ನಿಗೆ ದಾರ ಹೊಲಿದು, ಗೋಂದು ಬಳಿದು ಒಣಗಿಸಿದರು. ನನ್ನ ಜೊತೆ ಹುಟ್ಟಿದವು ಶಾಲೆಗೆ, ಸೊಸೈಟಿಗೆ ಹೋದವು. ನಾನು ಒಂದು ತಾಲ್ಲೂಕು ಆಸ್ಪತ್ರೆಯ ಕಂಪ್ಯೂಟರ್ ಕೋಣೆ ಸೇರಿದೆ. ಸೇರಬಾರದಿತ್ತು.

ನನ್ನನ್ನು ತಂದವಳು ನೀಲಾ ಹೂಗಾರ. ಆಸ್ಪತ್ರೆಯ ನಲವತ್ತೆರಡು ಕಂಪ್ಯೂಟರುಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದ ಕೆಲಸ, ಅದೂ ಗುತ್ತಿಗೆಯದು. ಪ್ರತಿ ಏಪ್ರಿಲ್ಲಿಗೆ ಸಾಹೇಬರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಬರುವ ಹಿಂದಿನ ದಿನ ರಕ್ತ ಪರೀಕ್ಷೆ ಕೋಣೆಯ ಒಂದು ವೈರು ಕೆಟ್ಟಿತ್ತು. ಛಾವಣಿಯ ಕೆಳಗೆ ಹರಿದ ನೂರಾರು ವೈರುಗಳಲ್ಲಿ ಅದು ಯಾವುದೆಂದು ಹುಡುಕಲು ನಾಲ್ಕು ತಾಸು ಹಿಡಿಯಿತು. ಅಷ್ಟು ಹೊತ್ತೂ ಹೆರಿಗೆಗೆ ಬಂದವಳೊಬ್ಬಳು ವರದಿಗಾಗಿ ನರಳುತ್ತ ಕಾದಳು. ಎಲ್ಲಿ ಏನಿದೆ ಎಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನೀಲಾಗೆ ನಾಚಿಕೆಯಾಯಿತು. ಮರುದಿನವೇ ನನ್ನನ್ನು ಕೊಂಡು ತಂದಳು.

ಆರು ತಿಂಗಳು ಬರೆದಳು. ಒಂದೊಂದೇ ವೈರು ಹಿಡಿದು ತುದಿಯವರೆಗೆ ಹೋಗಿ, ನಂಬರು ಬರೆದ ಪಟ್ಟಿ ಕಟ್ಟಿ, ಏಣಿಯ ಮೇಲೇ ಕೂತು ನನ್ನಲ್ಲಿ ದಾಖಲಿಸುತ್ತಿದ್ದಳು. ವೈರುಗಳೆಲ್ಲ ಬಂದು ಕೂಡುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಅದರಲ್ಲಿ ವೈರು ಚುಚ್ಚುವ ತೂತಿಗೆ ಪೋರ್ಟ್ ಎನ್ನುತ್ತಾರೆ. ಅಲ್ಲಿಂದ ವೈರು ಕಿತ್ತರೆ ಆಚೆ ತುದಿಯ ಕಂಪ್ಯೂಟರಿನ ಹಸಿರು ದೀಪ ಆರುತ್ತದೆ. ಆರಿತೋ ಇಲ್ಲವೋ ನೋಡಿ ಹೇಳುವವಳು ಕಸ ಗುಡಿಸುವ ಹುಸೇನಬಿ.

“ಹುಸೇನಬಿ ಅಕ್ಕಾ, ದೀಪ ಹೋತೇನು?”

“ಇಲ್ಲವ್ವ, ನಿನ್ನ ನೋಡಿ ನಗಾಕತ್ತೈತಿ. ಆ ಕಡೆ ಡಾಕ್ಟರು ಬಯ್ಯಾಕತ್ತಾರ, ಅವರ್ದ ಕಿತ್ತಿ ಕಾಣತೈತಿ!”

ಆಮೇಲೆ ನನ್ನಲ್ಲಿ ಬರೆಯುತ್ತಿದ್ದಳು: “ಎರಡನೇ ಸ್ವಿಚ್, ಹನ್ನೊಂದನೇ ಪೋರ್ಟ್: ರಕ್ತ ಪರೀಕ್ಷೆ ಕೋಣೆ, ಕಿಟಕಿ ಪಕ್ಕ. ಇಲಿ ಕಡಿದಿತ್ತು, ಹೊಸ ತುದಿ ಹಾಕಿದೆ.” ಇಂಥವು ನೂರ ನಲವತ್ತು ಪುಟ. ಬರಿ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಆಡಳಿತಾಧಿಕಾರಿ ಮೇಟಿ ಸಾಹೇಬರು ನನ್ನನ್ನು ತಿರುವಿ ನೋಡಿದರು. “ಭಾರಿ ಮಾಡೀರಿ ಬಿಡ್ರಿ. ಇನ್ನ ನೀವು ರಜಾ ಹಾಕಿದ್ರೂ ನಮಗ ಚಿಂತಿಲ್ಲ.” ನೀಲಾ ಹಿಗ್ಗಿದಳು. ದಡ್ಡಿ! ನನಗೂ ಬುದ್ಧಿ ಇರಲಿಲ್ಲ, ನಾನೂ ಹಿಗ್ಗಿದೆ.

ಮಾರ್ಚ್ ತಿಂಗಳಲ್ಲಿ ಹೊಸ ಕಂಪನಿಗೆ ಗುತ್ತಿಗೆ ಹೋಯಿತು. ಎರಡು ತಾಲ್ಲೂಕಿಗೆ ತಮ್ಮ ಒಬ್ಬ ಆಳು ಸಾಕು, ನೀಲಾ ಬೇಡ ಎಂದರು. ನೀಲಾ ಸಾಹೇಬರ ಎದುರು ನಿಂತಳು.

“ಸರ್, ಹನ್ನೊಂದು ವರ್ಷ ಮಾಡೀನ್ರಿ. ಹೊಸಬ್ರಿಗೆ ಇಲ್ಲಿದು ಹೆಂಗ ತಿಳೀತೈತ್ರಿ?”

“ಎಲ್ಲಾ ಇದರಾಗ ಐತಲ್ರೀ.” ಸಾಹೇಬರು ನನ್ನನ್ನು ಎತ್ತಿ ತೋರಿಸಿದರು. “ಯಾರರ ಓದಿ ಮಾಡತಾರ.”

“ಅದನ್ನ ಬರದಾಕಿ ನಾನ ಅಲ್ರೀ ಸರ್?”

“ಹೌದ್ರಿ, ಛಲೋ ಬರದೀರಿ. ಅದಕ್ಕ ನಮಗೇನು ತ್ರಾಸ ಇಲ್ಲ.”

ನಾನು ಅವರ ಕೈಯಲ್ಲೇ ಇದ್ದೆ. ಒಂದು ಹಾಳೆಯನ್ನಾದರೂ ಹರಿದುಕೊಂಡು ಬೀಳಲು ನನ್ನಿಂದಾಗಲಿಲ್ಲ. ಅವಳು ತಂದ ಕತ್ತಿಯಿಂದಲೇ ಅವಳ ಕುತ್ತಿಗೆ ಕೊಯ್ದರು. ಆ ಕತ್ತಿ ನಾನು.

ಹೊಸಬ ನನ್ನ ಪುಟಗಳನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡು ನನ್ನನ್ನು ಮೂಲೆಗೆ ಎಸೆದ. ವಾರಕ್ಕೊಮ್ಮೆ ಬಂದು, ಸಿಕ್ಕ ವೈರನ್ನು ಸಿಕ್ಕಲ್ಲಿ ಚುಚ್ಚಿ ಹೋಗುತ್ತಾನೆ. ಯಾವ ಬದಲಾವಣೆಯನ್ನೂ ಬರೆಯುವುದಿಲ್ಲ. ಈಗ ನನ್ನ ಅರ್ಧ ಪುಟಗಳು ಸುಳ್ಳು. ಅದೂ ನೀಲಾಳ ಅಕ್ಷರದಲ್ಲಿ! ಕುಂಟುವ ಪ್ರಿಂಟರ್ ಮೇಜಿನ ಕಾಲಿನಡಿ ನನ್ನನ್ನು ಇಟ್ಟಿದ್ದಾರೆ. ರಟ್ಟು ನಜ್ಜುಗುಜ್ಜಾಗಿದೆ, ಹೊಲಿಗೆ ಬಿಚ್ಚಿದೆ.

ಮೊನ್ನೆ ನೀಲಾ ಅನುಭವ ಪತ್ರ ಕೇಳಲು ಬಂದಿದ್ದಳು. ಈಗ ಗದಗಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದಾಳೆ. ನೆಲ ಒರೆಸುತ್ತಿದ್ದ ಹುಸೇನಬಿ ಅವಳನ್ನು ನಿಲ್ಲಿಸಿ ಕೇಳಿದಳು:

“ಅಲ್ಲೂ ಎಲ್ಲಾ ಬರದ ಇಡತಿ ಏನವ್ವ?”

“ಒಂದಕ್ಷರಾನೂ ಬರಿಯಂಗಿಲ್ಲಕ್ಕ.”

“ಅವರು ಕೇಳಂಗಿಲ್ಲೇನು?”

“ದಿನಾ ಕೇಳತಾರ. ನಾಳೆ ಬರೀತೀನಿ ಅಂತೀನಿ.”

ಹುಸೇನಬಿ ನಕ್ಕಳು, ನೀಲಾ ನಗಲಿಲ್ಲ. ಅವಳ ಕಣ್ಣು ಮೇಜಿನ ಕಾಲಿನತ್ತ ಬಿತ್ತು. ನನ್ನ ಗುರುತು ಹಿಡಿದಳು. ಬಗ್ಗಿ ಎತ್ತಿಕೊಳ್ಳದೆ ಹೊರಟುಹೋದಳು.

ನನಗೆ ಸಿಟ್ಟು ಬರಲಿಲ್ಲ. ಬಾಯಿ ಇದ್ದಿದ್ದರೆ ನಾನೂ ಅವಳಿಗೆ ಅದನ್ನೇ ಹೇಳುತ್ತಿದ್ದೆ: ಬರೆಯಬೇಡ ತಾಯಿ. ಬರೆಸಿಕೊಳ್ಳಲೆಂದೇ ಹುಟ್ಟಿದ ಪುಸ್ತಕ ನಾನು, ಹೇಳುತ್ತಿದ್ದೇನೆ.